ಬಸ್ಕಿಯಿಂದ ಕುರ್ಚಿಗೆ: ಕಾಲಿನ ಬಲದ ಒಂದು ಚರಿತ್ರೆ



ಇದನ್ನು ಓದುವುದಕ್ಕೆ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಕುಳಿತಿರುವ ಕುರ್ಚಿಯಿಂದ ಎದ್ದು ನಿಲ್ಲಿ. ಮತ್ತೆ ಕುಳಿತುಕೊಳ್ಳಿ. ನಿಮಗೆ ಇದರಲ್ಲಿ ಏನೂ ವಿಶೇಷ ಕಾಣಿಸದು. ಈಗ ಮನೆಯಲ್ಲಿರುವ ಅಜ್ಜನೋ ಅಜ್ಜಿಯೋ ಏಳುವುದನ್ನು ಗಮನಿಸಿ. ಮೊದಲು ಕೈ ಊರುತ್ತಾರೆ, ಮುಂದಕ್ಕೆ ಬಾಗುತ್ತಾರೆ, ಒಂದೆರಡು ಸಲ ತೂಗುತ್ತಾರೆ, ಆಮೇಲೆ ‘ಅಮ್ಮಾ’ ಎಂದು ಏಳುತ್ತಾರೆ. ಈ ವ್ಯತ್ಯಾಸಕ್ಕೆ ವಯಸ್ಸೇ ಕಾರಣ ಎಂದು ನಾವೆಲ್ಲ ಸುಮ್ಮನಾಗುತ್ತೇವೆ. ಅದರಲ್ಲಿ ವಯಸ್ಸಿನ ಪಾಲು ಎಷ್ಟು, ಕಾಲಿಗೆ ಕೆಲಸ ಕೊಡದಿದ್ದುದರ ಪಾಲು ಎಷ್ಟು ಎಂಬ ಪ್ರಶ್ನೆಯನ್ನು ವೈದ್ಯಲೋಕ ಗಟ್ಟಿಯಾಗಿ ಕೇಳಿಕೊಂಡದ್ದು 20ನೇ ಶತಮಾನದಲ್ಲಿ. ಆ ಕಥೆಯನ್ನು ನಾವು ಬಹಳ ಹಳೆಯ ಒಂದು ಮಾತಿನಿಂದ ಆರಂಭಿಸೋಣ.

ಏಳು, ಕೂರು, ಮತ್ತೆ ಏಳು. ಇದಕ್ಕೆ ಕನ್ನಡದಲ್ಲಿ ಬಸ್ಕಿ ಎಂದು ಹೆಸರು. ಶಾಲೆಯಲ್ಲಿ ಕಿವಿ ಹಿಡಿದು ಹೊಡೆದರೆ ಅದು ಶಿಕ್ಷೆ, ಗಣಪತಿಯ ಮುಂದೆ ಹೊಡೆದರೆ ಭಕ್ತಿ, ಗರಡಿಯಲ್ಲಿ ಹೊಡೆದರೆ ಸಾಮು. ಹಿಂದಿಯವರು ಇದನ್ನೇ ಬೈಠಕ್ ಎನ್ನುತ್ತಾರೆ. ಮೈಸೂರಿನ ಗರಡಿಮನೆಗಳ ಕೆಮ್ಮಣ್ಣಿನಲ್ಲಿ ದಂಡೆ ಮತ್ತು ಬಸ್ಕಿ ಜೋಡಿಯಾಗಿಯೇ ನಡೆದುಬಂದಿವೆ. ದಂಡೆ ತೋಳಿಗೆ ಮತ್ತು ಎದೆಗೆ, ಬಸ್ಕಿ ತೊಡೆಗೆ. ಇದಕ್ಕೆ ಕಬ್ಬಿಣ ಬೇಡ, ಯಂತ್ರ ಬೇಡ. ದೇಹದ ತೂಕವೇ ಗುಂಡು.

ಮಲ್ಲರ ತರಬೇತಿಗೆ ನಮ್ಮ ನಾಡಿನಲ್ಲೇ ಒಂದು ಹಳೆಯ ದಾಖಲೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಅರ್ಧದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅವನ ರಾಜಧಾನಿ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆ ಗ್ರಂಥದಲ್ಲಿ ಅಡುಗೆ, ಆನೆ, ಸಂಗೀತಗಳ ಜೊತೆಗೆ ಮಲ್ಲರ ವಿಷಯವೂ ಬರುತ್ತದೆ. ಭಾರ ಎತ್ತುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬದ ಮೇಲಿನ ಸಾಧನೆ ಸ್ತಂಭಶ್ರಮ. ಭಾರವೂ ನಡಿಗೆಯೂ ಒಂದೇ ದಿನಚರಿಯಲ್ಲಿ ಸೇರಿರುವುದನ್ನು ನೆನಪಿಟ್ಟುಕೊಳ್ಳಿ. ಈ ಜೋಡಿಯನ್ನು ನಾವು ಮುಂದೆ ಬಹಳ ದೂರದ ಒಂದು ದೇಶದಲ್ಲಿ ಮತ್ತೆ ಕಾಣಲಿದ್ದೇವೆ.

ಇಪ್ಪತ್ತನೇ ಶತಮಾನಕ್ಕೆ ಬಂದರೆ, ‘ಶಾಂತಲಾ’ ಕಾದಂಬರಿಯಿಂದ ನಿಮಗೆ ಪರಿಚಿತರಾದ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು, ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಕಳುಹಿಸಿದರು. ಮನೆಯಲ್ಲೇ ವ್ಯಾಯಾಮ ಎಂಬ ಕಲ್ಪನೆ ಆಗಲೇ ನಮ್ಮಲ್ಲಿತ್ತು. ಆದರೆ ಗರಡಿಯೂ ಅಂಚೆಯ ಪಾಠವೂ ಮುಖ್ಯವಾಗಿ ಹರೆಯದ ಗಂಡಸರಿಗಾಗಿ ಇದ್ದವು. ಎಂಬತ್ತು ವರ್ಷದ ಮುದುಕಿಗೆ ಬಸ್ಕಿ ಹೇಳಿಕೊಡಬೇಕೆಂದು ಅಂದು ಯಾರಾದರೂ ಹೇಳಿದ್ದರೆ ಜನ ನಕ್ಕುಬಿಡುತ್ತಿದ್ದರು. ನಿಜ ಹೇಳಬೇಕೆಂದರೆ ಆಕೆ ಹೆಸರಿಲ್ಲದ ಬಸ್ಕಿಯನ್ನು ದಿನವೂ ಹೊಡೆಯುತ್ತಲೇ ಇದ್ದಳು: ರಂಗೋಲಿಗೆ ಕುಕ್ಕರಗಾಲು, ಬೀಸುವ ಕಲ್ಲಿಗೆ ನೆಲ, ಊಟಕ್ಕೆ ಮಣೆ. ಕುರ್ಚಿ, ಮೇಜು, ಮಿಕ್ಸಿಗಳು ಮನೆಗೆ ಬಂದ ಮೇಲೆ ಆ ಏಳುಬೀಳು ಸದ್ದಿಲ್ಲದೆ ಹೊರಟುಹೋಯಿತು. ಮಿಕ್ಸಿಯನ್ನು ಬೈಯುವುದು ನನ್ನ ಉದ್ದೇಶವಲ್ಲ. ಬೀಸುವ ಕಲ್ಲಿನ ಕಷ್ಟವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಮನೆಯ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. 1970ರಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ನಮ್ಮ ಅಜ್ಜಿ ಬಚ್ಚಲುಮನೆಯ ಹೊಸ್ತಿಲಲ್ಲಿ ಜಾರಿಬಿದ್ದರು. ಮೂಳೆ ಮುರಿದಿರಲಿಲ್ಲ. ನೋಡಲು ಬಂದ ವೈದ್ಯರು ‘ವಯಸ್ಸಾಗಿದೆ, ಓಡಾಡಿಸಬೇಡಿ, ಮಲಗಿರಲಿ’ ಎಂದರು. ನಾವು ಅದನ್ನು ಅಕ್ಷರಶಃ ಪಾಲಿಸಿದೆವು. ಊಟ ಮಂಚಕ್ಕೆ, ನೀರು ಮಂಚಕ್ಕೆ, ಎಲೆಯಡಿಕೆಯ ತಟ್ಟೆಯೂ ಮಂಚಕ್ಕೆ. ಅಜ್ಜಿ ಏಳಲು ಹೊರಟರೆ ನಾನೇ ಓಡಿಹೋಗಿ ಹೆಗಲು ಹಿಡಿದು ಕೂರಿಸುತ್ತಿದ್ದೆ. ಅದಕ್ಕೆ ಮನೆಯಲ್ಲಿ ನನಗೆ ಮೆಚ್ಚುಗೆ ಸಿಗುತ್ತಿತ್ತು. ಮೂರು ವಾರಕ್ಕೆ ನೋವು ಹೋಯಿತು. ಎರಡು ತಿಂಗಳ ಮೇಲೆ ನಿಲ್ಲಿಸಲು ನೋಡಿದಾಗ ಕಾಲು ನಿಲ್ಲಲಿಲ್ಲ. ಆಮೇಲೆ ಎರಡು ವರ್ಷ ಬದುಕಿದ್ದರು. ಹಿತ್ತಲಿನ ಸಂಪಿಗೆ ಮರದ ಹತ್ತಿರಕ್ಕೆ ಮತ್ತೆ ಹೋಗಲಿಲ್ಲ.

ವಿಶ್ರಾಂತಿಯೇ ಮದ್ದು ಎಂಬ ಈ ನಂಬಿಕೆಗೆ ದೊಡ್ಡವರ ಬೆಂಬಲವಿತ್ತು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ ನೋವು ಮತ್ತು ವಿಶ್ರಾಂತಿಯ ಬಗ್ಗೆ ನೀಡಿದ ಉಪನ್ಯಾಸಗಳು 1863ರಲ್ಲಿ ಪುಸ್ತಕವಾಗಿ ಬಂದು, ಹಲವು ತಲೆಮಾರಿನ ವೈದ್ಯರಿಗೆ ಪಾಠವಾದವು. ಮುರಿದ ಮೂಳೆಗೆ, ಕೀವು ತುಂಬಿದ ಕೀಲಿಗೆ, ಆಂಟಿಬಯಾಟಿಕ್ ಇಲ್ಲದ ಆ ಕಾಲದಲ್ಲಿ ವಿಶ್ರಾಂತಿ ಸರಿಯಾದ ಮದ್ದೇ ಆಗಿತ್ತು. ತಪ್ಪಾದದ್ದು ಅದನ್ನು ಎಲ್ಲ ಕಾಯಿಲೆಗೂ, ಮುಖ್ಯವಾಗಿ ಎಲ್ಲ ಮುದುಕರಿಗೂ, ಕಣ್ಣುಮುಚ್ಚಿ ಹಂಚಿದಾಗ.

ಇದನ್ನು ಮೊದಲು ಪ್ರಶ್ನಿಸಿದವರಲ್ಲಿ ಒಬ್ಬರು ಮಹಿಳಾ ವೈದ್ಯೆ ಮಾರ್ಜರಿ ವಾರೆನ್. 1935ರಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯವರು ಪಕ್ಕದಲ್ಲಿದ್ದ ಒಂದು ಬಡವರ ಆಶ್ರಯಾಲಯದ ರೋಗಿಗಳನ್ನು ವಹಿಸಿಕೊಂಡರು. ಅಲ್ಲಿ 700ಕ್ಕೂ ಹೆಚ್ಚು ಜನ, ಬಹುಪಾಲು ವೃದ್ಧರು, ಎಷ್ಟೋ ಮಂದಿ ವರ್ಷಗಟ್ಟಲೆ ಹಾಸಿಗೆ ಬಿಟ್ಟು ಎದ್ದವರಲ್ಲ. ವಾರೆನ್ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರು. ಇವರಲ್ಲಿ ಬಹಳ ಜನ ಏಳಲಾರದಂಥ ರೋಗವಿದ್ದು ಮಲಗಿದವರಲ್ಲ, ಮಲಗಿಸಿದ್ದರಿಂದ ಏಳಲಾರದವರಾದವರು ಎಂಬುದು ಆಗ ಹೊರಬಿತ್ತು. ಆಕೆ ಅವರನ್ನು ಕೂರಿಸಿದರು, ನಿಲ್ಲಿಸಿದರು, ಹಿಡಿದು ನಡೆಸಿದರು. ಹಲವರು ನಡೆದುಕೊಂಡೇ ಮನೆ ಸೇರಿದರು. ವೃದ್ಧರ ವೈದ್ಯಕ್ಕೆ ಒಂದು ಪ್ರತ್ಯೇಕ ಶಾಸ್ತ್ರ ಬೇಕೆಂದು ವಾರೆನ್ 1940ರ ದಶಕದಲ್ಲಿ ಬರೆದ ಲೇಖನಗಳಿಂದ ಅಂಥ ಶಾಸ್ತ್ರವೇ ಬೆಳೆಯಿತು.

1947ರಲ್ಲಿ ಲಂಡನ್ನಿನ ಇನ್ನೊಬ್ಬ ವೈದ್ಯ ರಿಚರ್ಡ್ ಆಷರ್, ಹಾಸಿಗೆ ಹಿಡಿಯುವುದರ ಅಪಾಯಗಳ ಬಗ್ಗೆ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಲೇಖನವನ್ನೇ ಬರೆದರು. ಮಲಗಿದವನ ಶ್ವಾಸಕೋಶ, ರಕ್ತನಾಳ, ಚರ್ಮ, ಸ್ನಾಯು, ಮೂಳೆ ಒಂದೊಂದಕ್ಕೂ ಏನಾಗುತ್ತದೆ ಎಂದು ಸರದಿಯಂತೆ ವಿವರಿಸಿದರು. ನಮ್ಮ ಅಜ್ಜಿ ಬಿದ್ದದ್ದು ಈ ಲೇಖನ ಅಚ್ಚಾದ 23 ವರ್ಷಗಳ ನಂತರ! ಅಚ್ಚಾದ ತಿಳಿವು ಮನೆಯ ಮಂಚದವರೆಗೆ ಬರಲು ಎಷ್ಟು ಕಾಲ ಬೇಕು ಎಂಬುದೂ ಚರಿತ್ರೆಯ ಒಂದು ಭಾಗವೇ.

‘ನಮಗಿನ್ನೂ ಇಪ್ಪತ್ತು ವರ್ಷ, ಇದೆಲ್ಲ ಏಕೆ?’ ಎಂದು ನೀವು ಕೇಳಬಹುದು. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ನಿಮ್ಮದೇ ವಯಸ್ಸಿನ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಲಾಯಿತು. ಕಠಿಣ ಶ್ರಮದ ವೇಳೆ ದೇಹ ಎಷ್ಟು ಆಮ್ಲಜನಕವನ್ನು ಬಳಸಬಲ್ಲದು ಎಂಬ ಅಳತೆ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷಗಳ ಮೇಲೆ ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷಿಸಿದರು. ಆಗ ಕಂಡದ್ದು ಯಾರನ್ನಾದರೂ ಬೆರಗುಗೊಳಿಸುವಂಥದು. ಇಪ್ಪತ್ತರಲ್ಲಿ ಮೂರು ವಾರ ಮಲಗಿ ಕಳೆದುಕೊಂಡದ್ದು, ಐವತ್ತರವರೆಗಿನ ಮೂವತ್ತು ವರ್ಷಗಳಲ್ಲಿ ಕಳೆದುಕೊಂಡದ್ದಕ್ಕಿಂತ ಹೆಚ್ಚಾಗಿತ್ತು. ಆರು ತಿಂಗಳ ಕ್ರಮವಾದ ವ್ಯಾಯಾಮದಿಂದ ಅವರು ಆ ಮೂವತ್ತು ವರ್ಷದ ನಷ್ಟವನ್ನು ತುಂಬಿಕೊಂಡರು.

ಇಲ್ಲಿಯವರೆಗೆ ಹೇಳಿದ್ದು ಬಲದ ಮಾತು. ನಡಿಗೆಗೆ ಬಲವೊಂದೇ ಸಾಲದು, ತೂಕ ತಪ್ಪದಂತೆ ನಿಲ್ಲುವುದೂ ಬೇಕು. ನಾವು ನೆಟ್ಟಗೆ ನಿಲ್ಲುವುದು ಮೂರು ಕಡೆಯಿಂದ ಬರುವ ಸುದ್ದಿಯ ಆಧಾರದಿಂದ: ಕಣ್ಣು, ಒಳಕಿವಿ, ಮತ್ತು ಪಾದ ಹಾಗೂ ಕೀಲುಗಳಿಂದ ಮೆದುಳಿಗೆ ಹೋಗುವ ಸ್ಥಾನದ ಅರಿವು. ಒಂದು ಕೆಟ್ಟರೆ ಉಳಿದೆರಡು ನಿಭಾಯಿಸುತ್ತವೆ. 19ನೇ ಶತಮಾನದ ಯೂರೋಪಿನಲ್ಲಿ ಸಿಫಿಲಿಸ್ ರೋಗ ಬೆನ್ನುಹುರಿಗೆ ತಗುಲಿ, ಕಾಲು ಎಲ್ಲಿದೆಯೆಂಬ ಅರಿವನ್ನೇ ಕಳೆದುಕೊಂಡವರು ಬಹಳ ಇದ್ದರು. ಇಂಥ ರೋಗಿ ಕಣ್ಣು ಮುಚ್ಚಿ ನಿಂತರೆ ಬೀಳುತ್ತಾನೆ ಎಂಬುದನ್ನು ಬರ್ಲಿನ್ನಿನ ಮೊರಿಟ್ಜ್ ರಾಂಬರ್ಗ್ 1840ರ ದಶಕದಲ್ಲಿ ದಾಖಲಿಸಿದರು. ನರರೋಗ ವೈದ್ಯರು ಇಂದಿಗೂ ಆ ಪರೀಕ್ಷೆಯನ್ನು ಮಾಡುತ್ತಾರೆ.

ಆದರೆ ಅವರನ್ನು ನಡೆಸುವ ದಾರಿಯನ್ನು ತೋರಿಸಿದ್ದು ಒಬ್ಬ ರೋಗಿ. ಸ್ವಿಟ್ಜರ್ಲೆಂಡಿನ ಹೈಡನ್ ಎಂಬ ಊರಿನಲ್ಲಿ ಹೈನ್ರಿಕ್ ಫ್ರೆಂಕೆಲ್ ಎಂಬ ವೈದ್ಯರಿದ್ದರು. 1880ರ ದಶಕದ ಕೊನೆಯಲ್ಲಿ ಅವರು ಇಂಥ ಒಬ್ಬ ರೋಗಿಯ ಚಲನೆಯ ನಿಖರತೆಯನ್ನು ಪರೀಕ್ಷಿಸಿದರು. ಆತ ಚೆನ್ನಾಗಿ ಮಾಡಲಿಲ್ಲ. ಕೆಲವು ತಿಂಗಳ ನಂತರ ಬಂದಾಗ ಅದೇ ಪರೀಕ್ಷೆಯಲ್ಲಿ ಎಷ್ಟೋ ಮೇಲಾಗಿದ್ದ. ವಾಸಿಯಾಗದ ರೋಗ ಹೇಗೆ ವಾಸಿಯಾಯಿತೆಂದು ವೈದ್ಯರಿಗೆ ಆಶ್ಚರ್ಯ. ರೋಗ ವಾಸಿಯಾಗಿರಲಿಲ್ಲ, ಮುಂದಿನ ಸಲ ಪರೀಕ್ಷೆಯಲ್ಲಿ ಪಾಸಾಗಬೇಕೆಂದು ಆತ ಮನೆಯಲ್ಲಿ ಕುಳಿತು ಅಭ್ಯಾಸ ಮಾಡಿದ್ದ, ಅಷ್ಟೆ! ಪರೀಕ್ಷೆಯ ಭಯದ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ.

ಫ್ರೆಂಕೆಲ್ ಅಲ್ಲಿಗೆ ಬಿಡಲಿಲ್ಲ. ಮಲಗಿ ಹಿಮ್ಮಡಿಯನ್ನು ಮೆಲ್ಲಗೆ ಜಾರಿಸುವುದು, ಕುಳಿತು ಪಾದವನ್ನು ಗುರುತಿನ ಮೇಲೆ ಇಡುವುದು, ನಿಂತು ತೂಕ ಬದಲಿಸುವುದು, ಕೊನೆಗೆ ನೆಲದ ಮೇಲಿನ ಹೆಜ್ಜೆ ಗುರುತುಗಳಲ್ಲೇ ಕಾಲಿಟ್ಟು ನಡೆಯುವುದು, ಹೀಗೆ ಒಂದು ಕ್ರಮ ಕಟ್ಟಿದರು. ಪಾದದಿಂದ ಸುದ್ದಿ ಬಾರದಿದ್ದರೇನು, ಕಣ್ಣು ನೋಡಿ ಕಲಿಸಲಿ ಎಂಬುದು ಇದರ ತತ್ತ್ವ. ಪೆನಿಸಿಲಿನ್ ಬಂದು ಆ ರೋಗ ಅಪರೂಪವಾದರೂ ಫ್ರೆಂಕೆಲ್ ವ್ಯಾಯಾಮಗಳು ಫಿಸಿಯೋಥೆರಪಿ ಪಠ್ಯಗಳಲ್ಲಿ ಉಳಿದಿವೆ.

ಒಂಟಿಕಾಲಿನಲ್ಲಿ ನಿಲ್ಲುವುದು ನಮಗೆ ಹೊಸದಲ್ಲ. ಮಹಾಬಲಿಪುರದ 7ನೇ ಶತಮಾನದ ದೊಡ್ಡ ಬಂಡೆಶಿಲ್ಪದಲ್ಲಿ ಒಬ್ಬ ತಪಸ್ವಿ ಒಂಟಿಕಾಲಿನಲ್ಲಿ ಕೈಯೆತ್ತಿ ನಿಂತಿದ್ದಾನೆ. ಕೆಳಗೆ ಅವನನ್ನೇ ಅಣಕಿಸುವಂತೆ ಒಂದು ಬೆಕ್ಕು! ಯೋಗದ ವೃಕ್ಷಾಸನ ನಿಮಗೆ ಗೊತ್ತೇ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ ಮೈಸೂರಿನಲ್ಲಿ ಕೃಷ್ಣಮಾಚಾರ್ಯರಿಂದ ಯೋಗ ಕಲಿತು, ಪುಣೆಯಲ್ಲಿ ಬಹುಕಾಲ ಕಲಿಸಿದರು. ಅವರು ಗೋಡೆ, ಕುರ್ಚಿ, ಹಗ್ಗಗಳನ್ನು ಆಸರೆಯಾಗಿ ತಂದದ್ದರಿಂದ ಕಾಯಿಲೆಯವರೂ ವಯಸ್ಸಾದವರೂ ಆಸನಗಳ ಹತ್ತಿರ ಬರುವಂತಾಯಿತು. ಆಸರೆ ಹಿಡಿದು ಮಾಡಿದರೆ ಅವಮಾನವೇನೂ ಇಲ್ಲ ಎಂಬುದನ್ನು ನಿಮ್ಮ ಅಜ್ಜನಿಗೆ ಹೇಳುವಾಗ ಈ ಹೆಸರು ಉಪಯೋಗಕ್ಕೆ ಬಂದೀತು.

ಇನ್ನು ಸ್ನಾಯುವಿನ ಕಥೆ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಮಂಡಿಗೆ ಪೆಟ್ಟಾದ ಸೈನಿಕರಿಂದ ಅಮೆರಿಕದ ಸೇನಾ ಆಸ್ಪತ್ರೆಗಳು ತುಂಬಿದ್ದವು. ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಅವರ ಕಾಲಿಗೆ ಭಾರ ಕಟ್ಟಿಸಿ, ಆ ಭಾರವನ್ನು ಮೆಲ್ಲಮೆಲ್ಲನೆ ಏರಿಸುತ್ತಾ ಹೋಗಿ, 1945ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಭಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರೆ ಮಾತ್ರ ಸ್ನಾಯು ಬೆಳೆಯುತ್ತದೆ ಎಂಬ ತತ್ತ್ವ ಹೀಗೆ ಗರಡಿಯಿಂದ ಆಸ್ಪತ್ರೆಗೆ ಬಂತು. ಆದರೂ ಅದು ತರುಣರ ಮಾತಾಗಿಯೇ ಉಳಿಯಿತು. ತೊಂಬತ್ತರ ಸ್ನಾಯು ಬೆಳೆಯಬಲ್ಲದೇ?

1990ರಲ್ಲಿ ಅಮೆರಿಕದ ಬಾಸ್ಟನ್ ನಗರದಿಂದ ಉತ್ತರ ಬಂತು. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ 86ರಿಂದ 96 ವರ್ಷದ, ತೀರ ಬಲಹೀನರಾದ 10 ಜನರನ್ನು ಆರಿಸಿಕೊಂಡು, 8 ವಾರ ತೊಡೆಯ ಸ್ನಾಯುವಿಗೆ ಭಾರದ ವ್ಯಾಯಾಮ ಮಾಡಿಸಿದರು. ಒಂಬತ್ತು ಮಂದಿ ಪೂರೈಸಿದರು. ಅವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು; ತೊಡೆಯ ಸ್ನಾಯುವಿನ ಗಾತ್ರ ಶೇಕಡಾ 9ರಷ್ಟು. ಗಾತ್ರ ಸ್ವಲ್ಪ, ಬಲ ಅಷ್ಟೊಂದು ಹೇಗೆ? ಮೊದಲ ವಾರಗಳಲ್ಲಿ ಕಲಿಯುವುದು ಮುಖ್ಯವಾಗಿ ನರ; ಮಲಗಿದ್ದ ಸ್ನಾಯುತಂತುಗಳನ್ನು ಅದು ಮತ್ತೆ ಕೆಲಸಕ್ಕೆ ಕರೆಯುತ್ತದೆ. ಇಬ್ಬರು ಊರುಗೋಲನ್ನು ಬಿಟ್ಟರು. ಕೈ ಊರದೆ ಕುರ್ಚಿಯಿಂದ ಏಳಲಾರದ ಮೂವರಲ್ಲಿ ಒಬ್ಬರು ಏಳುವಂತಾದರು. ಮೂವರಲ್ಲಿ ಒಬ್ಬರೇ ಎಂಬುದನ್ನೂ ನೀವು ಗಮನಿಸಬೇಕು; ಇದು ಪವಾಡವಲ್ಲ. ವ್ಯಾಯಾಮ ನಿಲ್ಲಿಸಿದ ನಾಲ್ಕು ವಾರಗಳಲ್ಲಿ ಬಲ ಶೇಕಡಾ 32ರಷ್ಟು ಇಳಿಯಿತು ಎಂಬುದು ಅದೇ ವರದಿಯಲ್ಲಿದೆ.

ಬಾಸ್ಟನ್ನಿನ ಯಂತ್ರ ನಿಮ್ಮ ಮನೆಯಲ್ಲಿಲ್ಲ. ಆದ್ದರಿಂದ ಈಗ ನ್ಯೂಜಿಲೆಂಡಿನ ಡ್ಯುನೆಡಿನ್ ಊರಿಗೆ ಹೋಗೋಣ. ಅಲ್ಲಿನ ಒಟಾಗೋ ವಿಶ್ವವಿದ್ಯಾಲಯದ ಜಾನ್ ಕ್ಯಾಂಪ್‌ಬೆಲ್, ಕ್ಲೇರ್ ರಾಬರ್ಟ್‌ಸನ್ ಮತ್ತು ಸಂಗಡಿಗರು 80 ವರ್ಷ ಮೀರಿದ 233 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಮನೆಗೆ ಫಿಸಿಯೋಥೆರಪಿಸ್ಟ್ ಎರಡು ತಿಂಗಳಲ್ಲಿ ನಾಲ್ಕು ಸಲ ಹೋಗಿ ಕಾಲಿನ ಬಲದ, ಸಮತೋಲನದ ವ್ಯಾಯಾಮ ಕಲಿಸಿದರು. ವಾರಕ್ಕೆ ಮೂರು ದಿನ ಅರ್ಧ ಗಂಟೆ ವ್ಯಾಯಾಮ, ಜೊತೆಗೆ ನಡಿಗೆ. ಇನ್ನೊಂದು ಗುಂಪಿನವರ ಮನೆಗೂ ಹೋದರು, ಆದರೆ ಮಾತನಾಡಿಸಿ ಬಂದರು. 1997ರಲ್ಲಿ ಪ್ರಕಟವಾದ ವರ್ಷದ ಲೆಕ್ಕ ಇದು: ಮಾತಿನ ಗುಂಪಿನಲ್ಲಿ 152 ಬೀಳುವಿಕೆ, ವ್ಯಾಯಾಮದ ಗುಂಪಿನಲ್ಲಿ 88. ಮುಂದೆ ಇಂಥ ನಾಲ್ಕು ಪ್ರಯೋಗಗಳ 1016 ಜನರನ್ನು ಒಟ್ಟುಗೂಡಿಸಿ ನೋಡಿದಾಗ ಬೀಳುವುದು ಶೇಕಡಾ 35ರಷ್ಟು ಕಡಿಮೆಯಾಗಿತ್ತು. ಸೋಮೇಶ್ವರನ ಭಾರಶ್ರಮ, ಭ್ರಮಣಶ್ರಮಗಳು ಇಲ್ಲಿ ಮುದುಕಿಯರ ಅಡುಗೆಮನೆಯಲ್ಲಿ ಮತ್ತೆ ಜೊತೆಯಾದವು.

ಆ ವ್ಯಾಯಾಮಗಳನ್ನು ನೀವು ಮನೆಯಲ್ಲಿ ಹೀಗೆ ತೋರಿಸಿಕೊಡಬಹುದು. ಅಡುಗೆಮನೆಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತು, ಹಿಮ್ಮಡಿ ಎತ್ತಿ ತುದಿಗಾಲಿನಲ್ಲಿ ನಿಲ್ಲುವುದು, ಇಳಿಸುವುದು, ಹತ್ತು ಸಲ. ಆಮೇಲೆ ಬೆರಳುಗಳನ್ನೆತ್ತಿ ಹಿಮ್ಮಡಿಯ ಮೇಲೆ. ಒಂದು ಕಾಲನ್ನು ಪಕ್ಕಕ್ಕೆ ನಿಧಾನವಾಗಿ ಎತ್ತಿ ಇಳಿಸುವುದು. ನಡೆಯುವಾಗ ಸೊಂಟ ವಾಲದಂತೆ ಹಿಡಿಯುವ ಸ್ನಾಯುವಿಗೆ ಇದು. ಕುರ್ಚಿಯಲ್ಲಿ ಕುಳಿತು ಮಂಡಿಯನ್ನು ನೇರ ಚಾಚುವುದು. ಸುಲಭವಾದ ಮೇಲೆ ಕಣಕಾಲಿಗೆ ಮರಳಿನ ಸಣ್ಣ ಚೀಲ ಕಟ್ಟಬಹುದು. ಕಟ್ಟೆ ಹಿಡಿದು ಮಂಡಿಯನ್ನು ಸ್ವಲ್ಪವೇ ಬಗ್ಗಿಸಿ ಏಳುವುದು ಅರ್ಧ ಬಸ್ಕಿ. ಪೂರ್ತಿ ಬಸ್ಕಿ ಬೇಡ. ಮಂಡಿ ಸವೆದವರಿಗೆ ಅದು ನೋವು ತಂದೀತು. ಇನ್ನು ಸಮತೋಲನಕ್ಕೆ, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ ಹತ್ತು ಸೆಕೆಂಡು ನಿಲ್ಲುವುದು, ಹಾಗೆಯೇ ಗೆರೆಯ ಮೇಲೆ ನಡೆಯುವುದು, ಕಟ್ಟೆಯ ಉದ್ದಕ್ಕೂ ಅಡ್ಡ ಹೆಜ್ಜೆ, ಹಿಂದು ಹೆಜ್ಜೆ, ಒಂಟಿಕಾಲು. ಮೊದಲು ಎರಡು ಕೈ ಆಸರೆ, ಆಮೇಲೆ ಒಂದು, ಕೊನೆಗೆ ಕಟ್ಟೆ ಹತ್ತಿರದಲ್ಲಿ ಇದ್ದರೆ ಸಾಕು. ಎಲ್ಲವನ್ನೂ ಒಂದೇ ದಿನ ಆರಂಭಿಸಬೇಡಿ.

ನೀವು ಪಕ್ಕದಲ್ಲೇ ನಿಂತಿರಬೇಕು. ನೆಲ ಒಣಗಿರಬೇಕು, ಚಾಪೆಯ ಅಂಚು ಕಾಲಿಗೆ ಸಿಗಬಾರದು. ತಲೆಸುತ್ತು, ಎದೆನೋವು ಇರುವವರು, ಇತ್ತೀಚೆಗೆ ಮೂಳೆ ಮುರಿದವರು, ಪಾರ್ಶ್ವವಾಯುವಾದವರು ವೈದ್ಯರನ್ನು ಕೇಳದೆ ತೊಡಗಬಾರದು. ರಕ್ತದೊತ್ತಡದ ಮಾತ್ರೆ ನುಂಗುವವರಲ್ಲಿ ಕೆಲವರಿಗೆ ಥಟ್ಟನೆ ಎದ್ದಾಗ ಕಣ್ಣು ಕತ್ತಲಿಡುತ್ತದೆ. ಅಂಥವರು ಒಂದು ನಿಮಿಷ ಕುಳಿತೇ ಏಳಲಿ. ‘ನಾನು ದಿನಾ ವಾಕಿಂಗ್ ಹೋಗುತ್ತೇನಲ್ಲ’ ಎನ್ನುವ ಹಿರಿಯರು ಪ್ರತಿ ಬೀದಿಯಲ್ಲೂ ಇದ್ದಾರೆ. ನಡಿಗೆ ಹೃದಯಕ್ಕೆ ಒಳ್ಳೆಯದು. ಆದರೆ ಬೀಳುವುದನ್ನು ತಡೆಯಲು ಬರೀ ನಡಿಗೆ ಸಾಲದು, ಸಮತೋಲನಕ್ಕೆ ಸವಾಲೊಡ್ಡುವ ಅಭ್ಯಾಸ ಬೇಕು ಎಂಬುದನ್ನು ನಂತರದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂದಾಜು ಮಾಡಿತು. ಅವರಲ್ಲಿ ಅತಿ ಹೆಚ್ಚಿನವರು 60 ದಾಟಿದವರು.

ನೀವು ಆರಂಭದಲ್ಲಿ ಕೈಕಟ್ಟಿ ಎದ್ದಿರಲ್ಲ, ಅದೂ ಒಂದು ಪರೀಕ್ಷೆಯೇ. ಕ್ಯಾಲಿಫೋರ್ನಿಯಾದ ರಾಬರ್ಟಾ ರಿಕ್ಲಿ ಮತ್ತು ಜೆಸ್ಸಿ ಜೋನ್ಸ್ 1999ರಲ್ಲಿ ಅದಕ್ಕೆ ವಯಸ್ಸಿಗೆ ತಕ್ಕ ಲೆಕ್ಕ ಕೊಟ್ಟರು: 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ? 65ರಿಂದ 69 ವರ್ಷದ ಗಂಡಸರಿಗೆ 12ರಿಂದ 18 ಸಾಮಾನ್ಯ, ಹೆಂಗಸರಿಗೆ 11ರಿಂದ 16. ನನಗೆ ಈಗ 68. ಮೂರು ತಿಂಗಳ ಹಿಂದೆ ಮೊದಲ ಸಲ ಎಣಿಸಿದಾಗ 9 ಬಂತು, ಯಾರಿಗೂ ಹೇಳಲಿಲ್ಲ. ಈ ಬೆಳಗ್ಗೆ ಮೊಮ್ಮಗಳು ಗಡಿಯಾರ ಹಿಡಿದು ಎದುರಿಗೆ ಕುಳಿತಳು. 13 ಎಂದು ನಾನು ಕೂಗಿದೆ. ಕೊನೆಯದಕ್ಕೆ ಕೈ ಊರಿದ್ದನ್ನು ಕಂಡು, 12 ಎಂದು ಬರೆದುಕೊಂಡಳು.